ಕಡಲಿನ ದ್ವೀಪ, ಗುಡ್ಡದ ದ್ವೀಪ

ಮಳೆಗಾಲ ಕಳೆದು ಕಡಲು ತಣ್ಣಗಾಗುತ್ತಲೇ ಪುತ್ತೂರು, ಸುಳ್ಯ, ಕಡಬ ಕಡೆಯ ಶಾಲಾ ಪ್ರವಾಸದ ಬಸ್ಸುಗಳು ಮಲ್ಪೆಯತ್ತ ಮುಖ ಮಾಡುತ್ತವೆ. ಅಲ್ಲಿಂದ ದೋಣಿಯಲ್ಲಿ ಸುಮಾರು 6 ಕಿ.ಮೀ. ಸಾಗಿದರೆ ಸೇಂಟ್ ಮೇರಿ ದ್ವೀಪ, ಊರವರ ಬಾಯಲ್ಲಿ ತೋನ್ಸೆಪಾರ್. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು, ಕುಗ್ಗಿ, ಬಿರಿದು ನಿಂತ ಕಂಬಗಳು ಅಲ್ಲಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅವನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ಆ ಕಂಬಗಳನ್ನೇರಿ ಫೋಟೋ ತೆಗೆಸಿಕೊಳ್ಳುವುದೇ ಹೆಚ್ಚಿನವರಿಗೆ ಪ್ರವಾಸ. 2022ರ ಏಪ್ರಿಲ್‌ನಲ್ಲಿ ಅದೇ ಬಂಡೆಗಳ ಬಳಿ ಪ್ರವಾಸಿ ವಿದ್ಯಾರ್ಥಿಗಳು ನೀರುಪಾಲಾದರು.

ಆದರೂ ಆ ದ್ವೀಪಕ್ಕೊಂದು ಭಾಗ್ಯವಿದೆ: ಅದಕ್ಕೆ ಕಡಲೇ ಕಾವಲು. ದೋಣಿಯೇರದೆ ಯಾರೂ ಕಾಲಿಡಲಾರರು, ಆದ್ದರಿಂದ ಬಂದವರನ್ನು ಎಣಿಸಬಹುದು. ಮಳೆಗಾಲದಲ್ಲಿ ದೋಣಿ ನಿಂತರೆ ನೆಲಕ್ಕೂ ವಿಶ್ರಾಂತಿ.

ಈ ಸೀಮೆಯ ಜನರ ಬೆನ್ನ ಹಿಂದೆಯೇ ಇನ್ನೊಂದು ದ್ವೀಪವಿದೆ. 1,712 ಮೀಟರ್ ಎತ್ತರದ ಕುಮಾರ ಪರ್ವತದ ನೆತ್ತಿಯ ಹುಲ್ಲುಗಾವಲು ಮತ್ತು ಶೋಲಾ ಕಾಡು, ಸುತ್ತಲಿನ ತಗ್ಗು ಕಾಡಿನ ನಡುವೆ ತೇಲುವ ದ್ವೀಪವೇ ಸರಿ. ಅಲ್ಲಿ ಕಳೆದುಹೋದದ್ದು ಪಕ್ಕದಿಂದ ಬಂದು ತುಂಬಿಕೊಳ್ಳುವುದಿಲ್ಲ. ಆದರೆ ಇದನ್ನು ಕಾಯಲು ಕಡಲಿಲ್ಲ. ಕುಕ್ಕೆಯಿಂದಲೂ ಏರಬಹುದು, ಸೋಮವಾರಪೇಟೆಯ ಬೀದಳ್ಳಿ ಕಡೆಯಿಂದಲೂ ಏರಬಹುದು. 2024ರ ಜನವರಿ ಕೊನೆಯ ರಜಾದಿನಗಳಲ್ಲಿ ಸಹಸ್ರಾರು ಜನ ಜಾತ್ರೆಯಂತೆ ಸಾಲುಗಟ್ಟಿದ ಚಿತ್ರಗಳು ಹಬ್ಬಿದ ಮೇಲೆಯೇ ಸರ್ಕಾರ ಎಚ್ಚತ್ತು ಚಾರಣವನ್ನು ತಡೆಹಿಡಿಯಿತು. ಆನ್‌ಲೈನ್ ನೋಂದಣಿ, ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿ ಆ ಬಳಿಕ ಬಂದವು.

ಮಿತಿ ಬಂದದ್ದು ಒಳ್ಳೆಯದೇ. ಆದರೆ ಎಲ್ಲ ಚಾರಣದಾರಿಗಳಿಗೂ ಒಂದೇ ಸಂಖ್ಯೆಯನ್ನು ಹಂಚುವುದು ಆಡಳಿತಕ್ಕೆ ಸುಲಭ, ಮಣ್ಣಿಗೆ ಅರ್ಥವಿಲ್ಲದ್ದು. ಗಿರಿಗದ್ದೆಯ ಮೇಲಿನ ಇಳಿಜಾರಿನಲ್ಲಿ ಮಣ್ಣು ಸ್ಪಂಜಿನಂತೆ. ಕಾಲ್ತುಳಿತಕ್ಕೆ ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿದರೆ ಮಳೆನೀರು ಇಂಗದು, ದಾರಿಯೇ ತೋಡಾಗುತ್ತದೆ. ಕೊರಕಲು ಬಿದ್ದ ದಾರಿಯಲ್ಲಿ ನಡೆಯಲಾರದೆ ಚಾರಣಿಗರು ಪಕ್ಕದ ಹುಲ್ಲಿಗೆ ಇಳಿಯುತ್ತಾರೆ, ಗಾಯ ಅಗಲವಾಗುತ್ತದೆ. ಒದ್ದೆ ನೆಲದಲ್ಲಿ ನೂರು ಜನ ಮಾಡುವ ಹಾನಿಯನ್ನು ಒಣ ನೆಲದಲ್ಲಿ ಮುನ್ನೂರು ಜನ ಮಾಡಲಾರರು. ಹಾಗಾದರೆ ಕಡೆಯ ಮಳೆ ನಿಂತ ಮರುವಾರವೂ ಜನವರಿಯೂ ಒಂದೇ ಲೆಕ್ಕವೇಕೆ?

ಇದು ಹುಲ್ಲಿನ ಮೇಲಿನ ಮರುಕವಷ್ಟೇ ಎಂದು ಯಾರೂ ತಿಳಿಯಬಾರದು. ಈ ಬೆಟ್ಟದ ಮಡಿಲಲ್ಲಿ ಹುಟ್ಟುವ ಕುಮಾರಧಾರಾ, ಕುಕ್ಕೆಯ ಸ್ನಾನಘಟ್ಟ ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಬೇಸಗೆಯಲ್ಲಿ ಅದರ ಬದಿಯ ಅಡಿಕೆ ತೋಟಗಳಿಗೆ ಸಿಗುವ ನೀರು ಮಳೆಗಾಲದಲ್ಲಿ ಮೇಲೆ ಇಂಗಿದ ನೀರು. ಇಂಗದೆ ಹರಿದುಹೋದ ಮೇಲೆ ಕೆಳಗೆ ಎಷ್ಟು ಕಟ್ಟ ಕಟ್ಟಿದರೂ ತುಂಬಿಸಲು ನೀರೆಲ್ಲಿ? ಎಲೆಹಳದಿ ರೋಗದಿಂದ ಸುಳ್ಯದ ಕೃಷಿಕರು ಸೋತಿರುವುದೇ ಸಾಕು.

ಬೆಟ್ಟವನ್ನು ಮುಚ್ಚಿರೆಂಬುದು ಇಲ್ಲಿನ ವಾದವಲ್ಲ. ನೋಡದ ಬೆಟ್ಟಕ್ಕಾಗಿ ಯಾವ ವಿದ್ಯಾರ್ಥಿಯೂ ದನಿ ಎತ್ತಲಾರ. ಆದರೆ ಎರಡೂ ಬಾಯಿಗಳಲ್ಲಿ ಏರಿದವರ, ಇಳಿದವರ ಲೆಕ್ಕ ಒಂದೇ ಪುಸ್ತಕದಲ್ಲಿ ಸೇರಬೇಕು. ಪ್ರತಿ ವರ್ಷ ದಾರಿಯ ಅಗಲ, ಕೊರಕಲಿನ ಆಳ ಅಳೆದು ಮಿತಿಯನ್ನು ತಿದ್ದಬೇಕು. ಅಳತೆಪಟ್ಟಿ ಹಿಡಿಯುವ ಕೆಲಸಕ್ಕೆ ಇಲ್ಲಿಯ ಕಾಲೇಜು ಮಕ್ಕಳೇ ಸಾಕು. ಆ ಅಂಕಿಗಳು ಕಚೇರಿಯ ಕಡತ ಸೇರುವ ಮುನ್ನ ಹೊಳೆಬದಿಯ ಗ್ರಾಮಸಭೆಗಳ ಮುಂದೆ ಬರಲಿ.