ತೆನೆಯೋ, ಮುತ್ತಿನ ಫಲವೋ?

ಹೊಸೂರು ಸೀಮೆಯ ನಮ್ಮ ಅನೇಕ ಮನೆಗಳಲ್ಲಿ ಕನ್ನಡ ಬಾಯಿಮಾತಿಗಷ್ಟೇ ಉಳಿದಿದೆ; ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು, ಇಂಗ್ಲಿಷು. ಆದ್ದರಿಂದ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ದೀಪ ಹಚ್ಚಿದ ಮೇಲೆ, ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಕಾದಂಬರಿಯನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿದೆವು.

ಇಂದಿನವರ ಹುಡುಕಾಟ, ಅಂದಿನವರ ಗುಟ್ಟು ಎರಡೂ ಹೆಣೆದುಕೊಂಡ ಕಥೆ. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ಮುಸುಕಿನ ಜೋಳದಂಥ ತೆನೆಯೇ ಒಗಟು. ಮರುದಿನವೇ ನಮ್ಮ ಹುಡುಗ, “ಕೊಲಂಬಸನಿಗಿಂತ ಮೊದಲೇ ನಮ್ಮಲ್ಲಿ ಆ ಜೋಳವಿತ್ತು” ಎಂದು ಗೆಳೆಯರೊಡನೆ ವಾದ ಹೂಡಿ ಬಂದ.

“ಯಾರು ಹೇಳಿದರಪ್ಪಾ?”

“ಪುಸ್ತಕದಲ್ಲಿದೆ!”

ಆಗ ನಾವು ಕಾದಂಬರಿ ಮಡಚಿ ಇತಿಹಾಸ ತೆರೆದೆವು. ಸೋಮನಾಥಪುರದ ಗುಡಿ 1268ರದು, ಮೂರನೆಯ ನರಸಿಂಹನ ಕಾಲ. ಅವನ ಮಲಸಹೋದರ ರಾಮನಾಥ ಆಳಿದ್ದು ನಮ್ಮ ಹೊಸೂರಿನ ಬಳಿಯ ಕುಂದಾಣಿಯಿಂದ! ಕೊಲಂಬಸ್ ಅಮೆರಿಕ ಕಂಡದ್ದು 1492ರಲ್ಲಿ. ಅದು ಜೋಳವೇ ಎಂದು 1989ರಲ್ಲಿ ಜೊಹಾನೆಸನ್, ಪಾರ್ಕರ್ ವಾದಿಸಿದರು. ಅಲ್ಲ, ಮುತ್ತು ಪೋಣಿಸಿದಂಥ ಕಲ್ಪನೆಯ ‘ಮುಕ್ತಾಫಲ’ವೆಂದು 1993ರಲ್ಲಿ ಪಾಯಕ್, ಸಚಾನ್ ಉತ್ತರಿಸಿದರು.

ತತ್ತ್ವಾರ್ಥಸೂತ್ರ ಸ್ವಾಧ್ಯಾಯಕ್ಕೆ ಐದು ಬಗೆ ಹೇಳುತ್ತದೆ. ವಾಚನೆ ಮೊದಲನೆಯದು, ಪೃಚ್ಛನೆ, ಅಂದರೆ ಪ್ರಶ್ನಿಸುವುದು, ಎರಡನೆಯದು. ಕಾದಂಬರಿಯ ಓದಿಗೂ ಅದೇ ನಿಯಮವಿರಲಿ. ಕಥೆ ಕುತೂಹಲ ಹುಟ್ಟಿಸಲಿ. ನಿಜವನ್ನು ಶಾಸನ, ಸಂಶೋಧನೆಗಳಲ್ಲಿ ಹುಡುಕೋಣ.

ಹುಡುಗ ಎಲ್ಲ ಕೇಳಿಸಿಕೊಂಡು, “ಮುಂದಿನ ಅಧ್ಯಾಯ ನಾನೇ ಓದುತ್ತೇನೆ, ಅಕ್ಷರ ಕಲಿಸಿ” ಎಂದ. ಈಗ ಮನೆಯಲ್ಲಿ ಸ್ಲೇಟು ಬಂದಿದೆ, ಕಾಗುಣಿತ ನಡೆದಿದೆ.