ಗೃಹವಿಜ್ಞಾನ: ಒಂದು ತಟ್ಟೆಯಲ್ಲಿ ಎಷ್ಟು ಹಿಡಿದೀತು?

ಸೇರಿನ ಪಾತ್ರೆಯಲ್ಲಿ ಸವಾಸೇರು ಅಕ್ಕಿಯನ್ನು ಅಳೆಯಬೇಕೆಂದರೆ ಬಾಯಿಯ ಮೇಲೆ ರಾಶಿ ಏರಿಸಬೇಕು. ಹಾಗೆ ಏರಿಸಿದ ರಾಶಿಯ ತುದಿಯ ಕಾಳುಗಳೇ ಮೊದಲು ನೆಲಕ್ಕೆ ಚೆಲ್ಲುವುವು. ಇದು ಅಕ್ಕಿಗೆ ಮಾತ್ರ ಸಲ್ಲುವ ನ್ಯಾಯವಲ್ಲವೆಂಬುದು ಹಳಿಯಾಳದ ನಮ್ಮ ಬಂಧುಗಳ ಮನೆಯಲ್ಲಿ ಈಚೆಗೆ ನಡೆದ ಸಂಗತಿಯಿಂದ ತಿಳಿದುಬಂದಿತು.

ಆ ಮನೆಯ ಅಜ್ಜಿಯವರು ಹಾಡಿದ ಬೀಸುವ ಪದಗಳನ್ನೂ ಮದುವೆಯ ಹಾಡುಗಳನ್ನೂ ಮಕ್ಕಳು 90 ನಿಮಿಷಗಳ ಕ್ಯಾಸೆಟ್ಟೊಂದರಲ್ಲಿ ತುಂಬಿಸಿ ಇಟ್ಟಿದ್ದರು. 2004ರಲ್ಲಿ ಅದನ್ನು ಸಿ.ಡಿ.ಗೆ ಇಳಿಸಬೇಕೆಂದು ಹೊರಟಾಗ, ಸಾಮಾನ್ಯ ಸಿ.ಡಿ.ಯಲ್ಲಿ ಹಿಡಿಯುವುದು 80 ನಿಮಿಷ ಮಾತ್ರವೆಂದು ತಿಳಿಯಿತು. ಎರಡು ತಟ್ಟೆಗಳೇಕೆಂದು 90 ನಿಮಿಷದ ವಿಶೇಷ ತಟ್ಟೆಯೊಂದನ್ನು ತರಿಸಿ ಎಲ್ಲವನ್ನೂ ಅದರಲ್ಲಿಯೇ ತುಂಬಿಸಿದರು; ಕ್ಯಾಸೆಟ್ಟನ್ನು ಎಸೆದುಬಿಟ್ಟರು. ಮೊನ್ನೆ ಮೊಮ್ಮಗಳ ಮದುವೆಗೆಂದು ತೆಗೆದು ಹಾಕಿದರೆ, ಮೊದಲಿನ ಹಾಡುಗಳೆಲ್ಲ ಸರಿಯಾಗಿಯೇ ಕೇಳಿಬಂದವು. ಕಟ್ಟಕಡೆಯ ಹೆಣ್ಣೊಪ್ಪಿಸುವ ಹಾಡು ಬಂದಾಗ ಯಂತ್ರವು ತಡವರಿಸಿ ನಿಂತೇ ಹೋಯಿತು. ಯಾವ ಹಾಡಿಗಾಗಿ ಅದನ್ನು ಹುಡುಕಿ ತೆಗೆದಿದ್ದರೋ ಅದೊಂದೇ ಇಲ್ಲವಾಗಿತ್ತು.

ಹೀಗೇಕಾಯಿತೆಂದು ವಿಚಾರಿಸೋಣ. 12 ಸೆಂಟಿಮೀಟರ್ ಅಗಲದ ಈ ತಟ್ಟೆಯ ಅಳತೆಗಳನ್ನು ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ಗೊತ್ತುಪಡಿಸಿದವು. 1982ರಲ್ಲಿ ಅದು ಪೇಟೆಗೆ ಬಂದಿತು. ಬಳಸುವವರೇ ಬರೆದುಕೊಳ್ಳಬಹುದಾದ ತಟ್ಟೆಯನ್ನು ಜಪಾನಿನ ತೈಯೋ ಯೂಡೆನ್ ಕಂಪನಿಯು 1988ರಲ್ಲಿ ಪ್ರಕಟಿಸಿತು. ಇದರೊಳಗೆ ಬಣ್ಣದ ತೆಳುವಾದ ಲೇಪವಿದ್ದು, ಲೇಸರ್ ಕಿರಣದ ಕಾವಿನಿಂದ ಅದರ ಮೇಲೆ ಗುರುತುಗಳು ಮೂಡುವುವು. ಬರವಣಿಗೆಯು ನಡುವಿನಿಂದ ಹೊರ ಅಂಚಿನ ಕಡೆಗೆ ಸುರುಳಿಯಾಗಿ ಸಾಗುವುದು. ಸುತ್ತಿಗೂ ಸುತ್ತಿಗೂ ನಡುವಣ ಅಂತರ 1.6 ಮೈಕ್ರೊಮೀಟರ್ ಮಾತ್ರ. ಆ ಸುರುಳಿಯನ್ನು ದಾರದಂತೆ ಬಿಡಿಸಿದರೆ ಐದು ಕಿಲೋಮೀಟರಿಗೂ ಮಿಕ್ಕುವುದು!

ಇಷ್ಟರಲ್ಲಿಯೇ ಇನ್ನಷ್ಟು ತುಂಬಲು ಜನರು ಹಲವು ಉಪಾಯಗಳನ್ನು ಕಂಡುಕೊಂಡರು. ಮೊದಲನೆಯದು ಸುತ್ತುಗಳನ್ನು ಒತ್ತೊತ್ತಾಗಿ ಇಡುವುದು. 74 ನಿಮಿಷಗಳ ತಟ್ಟೆ 80 ನಿಮಿಷಗಳದ್ದಾದುದು ಹೀಗೆಯೇ. ಇದು ನಿಯಮದ ಮೇರೆಯೊಳಗಿನದು. 90 ಮತ್ತು 99 ನಿಮಿಷಗಳ ತಟ್ಟೆಗಳು ಆ ಮೇರೆಯನ್ನು ದಾಟಿದವು. ಅವನ್ನು ಒಂದು ಯಂತ್ರ ಓದೀತು, ಇನ್ನೊಂದು ಓದದೆ ಹೋದೀತು. ಎರಡನೆಯದು, ತಟ್ಟೆಯ ಕೊನೆಯಲ್ಲಿ ಮುಕ್ತಾಯದ ಸೂಚನೆಗಾಗಿ ಬಿಟ್ಟಿರುವ ಒಂದೂವರೆ ನಿಮಿಷದ ಜಾಗವನ್ನೂ ಆಕ್ರಮಿಸಿ ಬರೆಯುವುದು. ಇದರಿಂದ ದೊರೆಯುವ ಲಾಭ ಒಂದೆರಡು ನಿಮಿಷ ಮಾತ್ರ.

ಮೂರನೆಯದು ಕಾವಲನ್ನು ಕಡಿಮೆ ಮಾಡುವುದು. ತಟ್ಟೆಯ ಒಂದೊಂದು ಖಂಡದಲ್ಲಿಯೂ 2352 ಬೈಟುಗಳಿರುವುವು. ಲೆಕ್ಕಪತ್ರ, ಲೇಖನ, ಚಿತ್ರಗಳನ್ನು ಇಡುವಾಗ ಅವುಗಳಲ್ಲಿ 2048 ಮಾತ್ರ ಸರಕಿಗೆ ಸಲ್ಲುವುವು. ಉಳಿದವುಗಳಲ್ಲಿ ಬಹುಭಾಗವು ತಪ್ಪುಗಳನ್ನು ಕಂಡುಹಿಡಿದು ತಿದ್ದುವುದಕ್ಕೆ ಮೀಸಲು. ಚಲಚ್ಚಿತ್ರದ ವಿಡಿಯೋ ಸಿ.ಡಿ.ಯಲ್ಲಿ ಈ ಕಾವಲನ್ನು ಬಹಳ ಮಟ್ಟಿಗೆ ತೆಗೆದು 2324 ಬೈಟುಗಳನ್ನು ಸರಕಿಗೇ ಕೊಡುವರು. ಆದಕಾರಣ 700 ಮೆಗಾಬೈಟಿನ ತಟ್ಟೆಯಲ್ಲಿ ಸುಮಾರು 800 ಮೆಗಾಬೈಟು ಹಿಡಿಯುವುದು. ಚಿತ್ರದಲ್ಲಿ ಒಂದು ಚುಕ್ಕೆ ತಪ್ಪಿದರೆ ಕಣ್ಣಿಗೆ ಕಾಣದು. ಜಮಾಖರ್ಚಿನಲ್ಲಿ ಒಂದು ಅಂಕಿ ತಪ್ಪಿದರೆ ಲೆಕ್ಕವೇ ಕೆಡುವುದು. ನಾಲ್ಕನೆಯದಾಗಿ, ಸಾನ್ಯೋ ಕಂಪನಿಯು ಗುರುತುಗಳನ್ನೇ ಗಿಡ್ಡದಾಗಿಸಿ, ತಿದ್ದುವ ಕ್ರಮವನ್ನೂ ಬದಲಿಸಿ, ಸಾಮಾನ್ಯ ತಟ್ಟೆಯಲ್ಲಿ ಇಮ್ಮಡಿ ತುಂಬುವ ಯಂತ್ರವನ್ನು ತಂದಿತು. ಆದರೆ ಹಾಗೆ ಬರೆದುದನ್ನು ಓದಲು ಆ ಕ್ರಮವನ್ನು ಬಲ್ಲ ಯಂತ್ರವೇ ಬೇಕು. ಅಂಥ ಯಂತ್ರ ಕೆಟ್ಟರೆ ತಟ್ಟೆಯೂ ಮೂಕವೇ ಸರಿ.

ಈ ನಾಲ್ಕೂ ಪಾತ್ರೆಯನ್ನು ಹಿಗ್ಗಿಸುವ ಉಪಾಯಗಳು. ಐದನೆಯದು ಸರಕನ್ನೇ ಅಡಕಗೊಳಿಸುವುದು. ಎಂ.ಪಿ.3 ಎಂಬ ಕ್ರಮದಲ್ಲಿ, ಕಿವಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮಾಂಶಗಳನ್ನು ಬಿಟ್ಟು ಧ್ವನಿಯನ್ನು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸಿದರೆ, 80 ನಿಮಿಷಗಳ ತಟ್ಟೆಯಲ್ಲಿ ಹನ್ನೆರಡು ತಾಸಿಗೂ ಮಿಕ್ಕ ಹಾಡುಗಳು ಹಿಡಿಯುವುವು. ಬಿಟ್ಟದ್ದು ಮಾತ್ರ ಮರಳಿ ಬಾರದು. ಫ್ಲ್ಯಾಕ್ ಎಂಬ ಇನ್ನೊಂದು ಕ್ರಮದಲ್ಲಿ ಏನನ್ನೂ ಬಿಡದೆ ಸುಮಾರು ಅರ್ಧಕ್ಕೆ ಇಳಿಸಬಹುದು. ಅಜ್ಜಿಯವರ 90 ನಿಮಿಷಗಳ ಹಾಡನ್ನು ಹೀಗೆ ಇಳಿಸಿದ್ದರೆ ಸಾಮಾನ್ಯ ತಟ್ಟೆಯಲ್ಲಿಯೇ ಹಿಡಿದು, ಅಂಚಿನಲ್ಲಿ ಜಾಗ ಉಳಿಯುತ್ತಿತ್ತು; ಗಣಕಯಂತ್ರದಲ್ಲಿ ಕೇಳಬೇಕಾಗುತ್ತಿತ್ತು, ಅಷ್ಟೇ. ಇಲ್ಲವೆ ಎರಡು ತಟ್ಟೆಗಳನ್ನು ಬಳಸಿದ್ದರೂ ಸಾಕಾಗಿತ್ತು.

ಅಂಚಿನ ಮಾತನ್ನು ಮರೆಯಬಾರದು. ಬೆರಳು ತಗಲುವುದು ಅಲ್ಲಿ, ತಟ್ಟೆ ಡೊಂಕಾದರೆ ಹೆಚ್ಚು ಓಲಾಡುವುದು ಅಲ್ಲಿ, ತೇವ ಒಳನುಗ್ಗಲು ದಾರಿಯಿರುವುದೂ ಅಲ್ಲಿಯೇ. ಜೋಯಿಡಾ, ದಾಂಡೇಲಿಗಳ ಮಳೆಗಾಲವನ್ನು ಬಲ್ಲವರಿಗೆ ತೇವದ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗಿರಲು ಮೇರೆ ಮೀರಿ ತುಂಬಿದವರು ತಮ್ಮ ಕೊನೆಯ ಹಾಡನ್ನು ಹೊಸ್ತಿಲಿನ ಹೊರಗೆ ಇಟ್ಟಂತಾಯಿತು.

ನಮ್ಮ ಸೀಮೆಯಲ್ಲಿ ಇಂಥ ತಟ್ಟೆಗಳು ಎಷ್ಟೋ ಮನೆಗಳ ಬೀರುಗಳಲ್ಲಿರಬಹುದು. ಹಳೆಯ ಸೂಪಾ ಊರೇ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅಲ್ಲಿಯ ಮನೆ ಅಂಗಳಗಳ ಚಿತ್ರವನ್ನು ಇಟ್ಟುಕೊಂಡವರಿಗೆ ಆ ಚಿತ್ರ ಹೋದರೆ ಮತ್ತೆ ತೆಗೆಯಲು ಊರಿಲ್ಲ. ಸಿದ್ದಿಯರ ದಮಾಮಿಯ ಹಾಡುಗಳೂ ಕುಣಬಿಯರ ಪದಗಳೂ ಕಂಠದಿಂದ ಕಂಠಕ್ಕೆ ಬಂದವು. ಹಾಡುವವರು ಇಲ್ಲವಾದರೆ ತಟ್ಟೆಯೇ ಗತಿ. ಆದುದರಿಂದ ಗೃಹಸ್ಥರು ತಮ್ಮ ಹಳೆಯ ಸಿ.ಡಿ.ಗಳನ್ನು ಈ ತಿಂಗಳಲ್ಲಿಯೇ ತೆಗೆದು, ಕೊನೆಯವರೆಗೆ ಓಡಿಸಿ ನೋಡತಕ್ಕದ್ದು. ಹೊಸ ಗಣಕಯಂತ್ರಗಳಲ್ಲಿ ಸಿ.ಡಿ. ಓದುವ ಭಾಗವೇ ಅಪರೂಪವಾಗುತ್ತಿರುವುದರಿಂದ ತಡಮಾಡುವುದು ಒಳ್ಳೆಯದಲ್ಲ. ಒಂದು ಯಂತ್ರದಲ್ಲಿ ಓದದಿದ್ದರೆ ಇನ್ನೊಂದರಲ್ಲಿ ಪ್ರಯತ್ನಿಸಬೇಕು. ಓದಿದುದರ ಎರಡು ಪ್ರತಿಗಳನ್ನು ಮಾಡಿ ಬೇರೆ ಬೇರೆ ಮನೆಗಳಲ್ಲಿ ಇಡಬೇಕು. ಪ್ರತಿಯನ್ನು ಕೇಳಿ ನೋಡುವ ಮೊದಲು ಮೂಲವನ್ನು ಎಸೆಯಲೇಬಾರದು. ತಟ್ಟೆಯನ್ನು ಬಿಸಿಲಿಗೆ ಒಡ್ಡದೆ, ಅಂಚು ಹಿಡಿದೇ ಎತ್ತಿ, ಒಣಗಿದ ಜಾಗದಲ್ಲಿ ನಿಲ್ಲಿಸಿ ಇಡಬೇಕು. ಹಾಡಿನ ಮಾತುಗಳನ್ನು ಕಾಗದದ ಮೇಲೂ ಬರೆದಿಡಬೇಕು. ಕಾಗದವನ್ನು ಓದಲು ಕಣ್ಣೊಂದಿದ್ದರೆ ಸಾಕು.

ನಮ್ಮ ಬಂಧುಗಳ ಮನೆಯ ಕಥೆಗೆ ಕೊನೆಯೊಂದುಂಟು. ಮದುವೆಗೆ ಮುಂಡಗೋಡಿನಿಂದ ಬಂದಿದ್ದ ಸೋದರತ್ತೆಯೊಬ್ಬರು ಆ ಹಾಡಿನ ನಾಲ್ಕು ನುಡಿಗಳನ್ನು ನೆನಪಿನಿಂದ ಹಾಡಿದರು. ಉಳಿದವು ಅವರಿಗೆ ನೆನಪಾಗಲಿಲ್ಲ. ಆ ನಾಲ್ಕನ್ನು ಈಗ ಮೂರು ಕಡೆ ಇಟ್ಟಿದ್ದಾರೆ.