ಅಕ್ಕಿಗೊಂದು ಕಪ್, ನೀರಿಗೊಂದು ಕಪ್

ಹೋದ ತಿಂಗಳು ಅತ್ತೆ-ಮಾವ ಮೊದಲ ಸಲ ನಮ್ಮ ಮನೆಗೆ ಬಂದಿದ್ರು. ಬೆಳಗಿನ ತಿಂಡಿ ನಂದು ಅಂತ ಜಂಬದಿಂದ ಚಿತ್ರಾನ್ನಕ್ಕೆ ನಿಂತೆ. ಒಂದಕ್ಕೆರಡು ನೀರು, ಅಷ್ಟೇ ತಾನೆ? ಎರಡು ಕಪ್ ಅಕ್ಕಿ, ನಾಲ್ಕು ಕಪ್ ನೀರು. ಮುಚ್ಚಳ ತೆಗೆದರೆ ಅನ್ನ ಮುದ್ದೆಯಾಗಿ ಕೂತಿದೆ. ಮಾವ ತಟ್ಟೆ ನೋಡಿ, "ಪೊಂಗಲ್ ಚೆನ್ನಾಗಿದೆ" ಅಂದ್ರು. ಹೆಂಡತಿ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದಳು.

ಆಮೇಲೆ ಆಫೀಸಲ್ಲಿ ಬಗ್ ಹುಡುಕೋ ಹಾಗೆ ಹುಡುಕಿದೆ. ಅಕ್ಕಿ ಅಳೆದಿದ್ದು ಎಲೆಕ್ಟ್ರಿಕ್ ಕುಕ್ಕರ್ ಜೊತೆ ಬಂದ ಕಪ್ಪಲ್ಲಿ. ಅದು 180 ಎಂಎಲ್. ಜಪಾನಿನ ‘ಗೋ’ ಅನ್ನೋ ಹಳೇ ಅಕ್ಕಿ ಅಳತೆಯಿಂದ ಬಂದಿದ್ದು. ನೀರು ಅಳೆದಿದ್ದು ಕೇಕ್ ಮಾಡೋಕೆ ತಂದ ಕಪ್ಪಲ್ಲಿ, ಅದು 250 ಎಂಎಲ್. ಅಂದ್ರೆ 360 ಎಂಎಲ್ ಅಕ್ಕಿಗೆ 720ರ ಬದಲು ಒಂದು ಲೀಟರ್ ನೀರು!

ಕಪ್ ಅನ್ನೋದು ಒಂದೇ ಅಲ್ಲ. ಅಮೆರಿಕದ್ದು ಸುಮಾರು 237 ಎಂಎಲ್, ಆಸ್ಟ್ರೇಲಿಯಾದ್ದು 250. ಟೀಸ್ಪೂನ್ ಎರಡೂ ಕಡೆ ಹೆಚ್ಚುಕಮ್ಮಿ 5 ಎಂಎಲ್. ಆದರೆ ಟೇಬಲ್ ಸ್ಪೂನ್ ಅಲ್ಲಿ 15, ಇಲ್ಲಿ 20. ಹಾಗಾಗಿ ರೆಸಿಪಿ ಯಾವ ದೇಶದ್ದು ಅಂತ ಮೊದಲು ನೋಡಿ.

ಅಮ್ಮಂಗೆ ಫೋನಲ್ಲಿ ಇದನ್ನೆಲ್ಲ ವಿವರಿಸಿದೆ. ಅಮ್ಮ ಒಂದೇ ಮಾತು ಹೇಳಿದ್ರು: "ಅಕ್ಕಿ ಯಾವುದರಲ್ಲಿ ಅಳೀತೀಯೋ ನೀರೂ ಅದರಲ್ಲೇ ಅಳಿ ಕಣೋ." ಸರಿ, ಎರಡಕ್ಕೂ ಒಂದೇ ಪಾತ್ರೆಯಾದರೆ ಅದು ಎಷ್ಟು ಎಂಎಲ್ ಆದರೇನು!

ಆದರೆ ಅಮ್ಮನ ಹುಳಿಪುಡಿಗೆ ಈ ಸೂತ್ರ ನಡೆಯಲ್ಲ. ನಾಲ್ಕು ಪಾವು ಕೊತ್ತಂಬರಿ ಬೀಜಕ್ಕೆ ಕಾಲು ಕೆಜಿ ಬ್ಯಾಡಗಿ ಮೆಣಸಿನಕಾಯಿ ಅಂತಾರೆ. ಒಂದು ಪಾವಿನ ಲೆಕ್ಕ, ಇನ್ನೊಂದು ತೂಕದ ಲೆಕ್ಕ. ಪಾವು ಅಂದ್ರೆ ಕಾಲು ಸೇರು, ಆದರೆ ಸೇರು ಊರಿಂದ ಊರಿಗೆ ಬೇರೆ. ಎರಡು ವರ್ಷದಿಂದ ನಮ್ಮನೆ ಹುಳಿಗೆ ಅಮ್ಮನ ರುಚಿ ಬಾರದೇ ಇದ್ದಿದ್ದು ಇದಕ್ಕೇ ಇರಬೇಕು.

ಈ ಸಲ ಊರಿಗೆ ಹೋದಾಗ ಪುಟ್ಟ ಡಿಜಿಟಲ್ ತಕ್ಕಡಿ ಒಯ್ದೆ. ಅಮ್ಮನ ಹಿತ್ತಾಳೆ ಪಾವನ್ನ ಮೊದಲು ಖಾಲಿ, ಆಮೇಲೆ ನೀರು ತುಂಬಿ ತೂಗಿದೆ. ಒಂದು ಗ್ರಾಂ ನೀರು ಅಂದ್ರೆ ಒಂದು ಎಂಎಲ್. ಬಂದ ಲೆಕ್ಕ 230. ಕೊತ್ತಂಬರಿ ಬೀಜವನ್ನೂ ತೂಗಿ ಬರ್ಕೊಂಡೆ. ಅಮ್ಮ ಪಕ್ಕದಲ್ಲಿ ನಿಂತು, "ನಲವತ್ತು ವರ್ಷದಲ್ಲಿ ಇದನ್ನ ಯಾರೂ ಕೇಳಿರಲಿಲ್ಲ" ಅಂದ್ರು.

ನಿಮ್ಮ ಅಮ್ಮನ ಪಾವು ಎಷ್ಟು ಎಂಎಲ್? ಮುಂದಿನ ಸಲ ಊರಿಗೆ ಹೋದಾಗ ಅಳೆದು, ಬರೆದಿಟ್ಕೊಳ್ಳಿ.